ಅಡಿಕೆ ಧಾರಣೆಯ ಪಕ್ಕದಲ್ಲಿ ಒಂಚೂರು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ನಾನು ಮೊದಲು ನೋಡುವುದು ಅಡಿಕೆ ಧಾರಣೆ. ಸಾಗರದ ಕಡೆಯವಳಿಗೆ ಅದನ್ನು ನೋಡದೆ ಕಾಫಿ ಇಳಿಯುವುದಿಲ್ಲ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು ಅಂತ ನೋಡಿದ ಮೇಲೆಯೇ ಮುಂದಿನ ಪುಟ. ಈ ಪತ್ರ ಬರೆಯುತ್ತಿರುವುದು ಆ ಧಾರಣೆಯ ಪಕ್ಕದ ಜಾಗದ ಬಗ್ಗೆ. ವಾರಕ್ಕೊಂದು ದಿನ ಅಲ್ಲಿ ಅಂಗೈ ಅಗಲದ ಜಾಗ ನನಗೆ ಬೇಕು. ಜಾಹೀರಾತಿಗಲ್ಲ, ಆಸ್ಪತ್ರೆಗಳಲ್ಲಿ ನಡೆಯುವ ವೈದ್ಯಕೀಯ ಸಂಶೋಧನೆಯ ಸುದ್ದಿಗೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು, ಟೀಚರ್ ಬುದ್ಧಿ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ನೆ ಕೂತಿದ್ದಾಗ ಪರಿಚಯದ ಡಾಕ್ಟರೊಬ್ಬರು ಒಂದು ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಗೆ ಬರುತ್ತೀರಾ ಅಂತ ಕೇಳಿದರು. ಮಕ್ಕಳಿಗೆ ನೀತಿಕತೆ ಹೇಳುವ ಕೆಲಸ ಇರಬೇಕು ಅಂದುಕೊಂಡು ಹೂಂ ಅಂದೆ. ಹೋಗಿ ನೋಡಿದರೆ ಬೇರೆಯೇ ಲೋಕ. ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ನಡೆಯುವ ಸಂಶೋಧನೆ, ಹೊಸ ಮಾತ್ರೆಯದಿರಲಿ, ಬರೀ ರಕ್ತ ಪರೀಕ್ಷೆಯದಿರಲಿ, ಈ ಸಮಿತಿ ಒಪ್ಪದೆ ಶುರುವಾಗುವಂತಿಲ್ಲ. ಔಷಧ ಪ್ರಯೋಗಗಳಿಗೆ 2019ರಲ್ಲಿ ಹೊಸ ನಿಯಮ ಬಂತು. ಅದರ ಪ್ರಕಾರ ಸಮಿತಿಯಲ್ಲಿ ಕಡಿಮೆ ಅಂದರೂ 7 ಜನ ಇರಬೇಕು. ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಒಬ್ಬರಾದರೂ ಲೇ ಪರ್ಸನ್ ಬೇಕೇ ಬೇಕು. ಅದು ನಾನು.

ಲೇ ಪರ್ಸನ್ ಅಂದರೇನು ಅಂತ ಮೊಮ್ಮಗಳು ಕೇಳಿದಳು. ಡಾಕ್ಟರಲ್ಲ, ವಕೀಲರಲ್ಲ, ವಿಜ್ಞಾನಿಯೂ ಅಲ್ಲ ಅಂದೆ. 'ಏನೂ ಗೊತ್ತಿಲ್ಲದವರು ಅನ್ನು ಅಜ್ಜಿ' ಅಂದಳು. ಆದರೂ ಔಷಧ ಪ್ರಯೋಗದ ಫೈಲು ಬಂದ ದಿನ ಈ ಏನೂ ಗೊತ್ತಿಲ್ಲದವಳು ಇಲ್ಲದೆ ಕೋರಂ ಆಗುವುದಿಲ್ಲ. ಮಳೆಗಾಲದಲ್ಲಿ ನನ್ನ ಬಸ್ಸು ತಡವಾದರೆ ದೊಡ್ಡ ದೊಡ್ಡ ಪ್ರೊಫೆಸರುಗಳು ಟೀ ಕುಡಿಯುತ್ತಾ ನನಗೆ ಕಾಯುತ್ತಾರೆ. ಒಳಗೊಳಗೇ ಖುಷಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ನನ್ನ ಮುಖ್ಯ ಕೆಲಸ ಒಪ್ಪಿಗೆ ಪತ್ರ ಓದುವುದು. ಪ್ರಯೋಗಕ್ಕೆ ಸೇರುವ ಪ್ರತಿಯೊಬ್ಬರಿಗೂ ಏನು ಕೊಡುತ್ತೇವೆ, ಏನು ತೊಂದರೆ ಆಗಬಹುದು, ಬೇಡ ಅನ್ನಿಸಿದರೆ ಹೇಗೆ ಬಿಡಬಹುದು ಅಂತ ಅವರ ಭಾಷೆಯಲ್ಲೇ ಬರೆದು ಕೊಡಬೇಕು. ಕನ್ನಡದ ಪ್ರತಿ ನನ್ನ ಪಾಲಿಗೆ. ಕೆಂಪು ಪೆನ್ನು ಹಿಡಿದೇ ಕೂರುತ್ತೇನೆ. ಮೊದಲ ಸಭೆಯಲ್ಲೇ ಒಂದು ವಾಕ್ಯ ಸಿಕ್ಕಿತು. 'ಈ ವಿಷಯವು ಯಾವಾಗ ಬೇಕಾದರೂ ಅಧ್ಯಯನದಿಂದ ಹೊರಹೋಗಬಹುದು.' ಯಾವ ವಿಷಯ ಸ್ವಾಮಿ ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಸಬ್ಜೆಕ್ಟ್ ಅಂತ ಇತ್ತಂತೆ. ಅಂದರೆ ಪ್ರಯೋಗಕ್ಕೆ ಬಂದ ಮನುಷ್ಯ! ಇನ್ನೊಂದರಲ್ಲಿ 'ನಿಮ್ಮನ್ನು ಎರಡು ತೋಳುಗಳಲ್ಲಿ ಒಂದಕ್ಕೆ ಹಾಕಲಾಗುವುದು' ಅಂತಿತ್ತು. ಓದಿದರೆ ಯಾರೋ ಎತ್ತಿಕೊಂಡು ಹೋಗುವ ಹಾಗೆ. ಅದು ಪ್ರಯೋಗದ ಎರಡು ಗುಂಪು, ಅಷ್ಟೆ. ಟ್ರಯಲ್ ಎಂಬುದು 'ವಿಚಾರಣೆ' ಆಗಿತ್ತು. ನಮ್ಮ ಊರಿನ ಯಾವನಾದರೂ 'ವಿಚಾರಣೆಗೆ ಹಾಜರಾಗಿ' ಅಂತ ಓದಿದರೆ ಮೊದಲು ವಕೀಲರ ಮನೆಗೆ ಓಡುತ್ತಾನೆ. ಡಬಲ್ ಬ್ಲೈಂಡ್ ಎಂಬುದು 'ಎರಡು ಪಟ್ಟು ಕುರುಡು' ಆಗಿ ಬಂದ ದಿನ ಇಡೀ ಕಮಿಟಿ ನಕ್ಕಿತು.

ಕಷ್ಟದ ಪದ ಹಾಕಿದರೂ ಪ್ರಯೋಜನ ಇಲ್ಲ. ಯಾದೃಚ್ಛಿಕೀಕರಣ ಅಂತ ಬರೆದು ತಂದಿದ್ದರು. ನನಗೇ ನಾಲಿಗೆ ತಿರುಗಲಿಲ್ಲ. 'ಯಾರಿಗೆ ಯಾವ ಔಷಧ ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತದೆ' ಅಂತ ಬದಲಾಯಿಸಿದೆ. ಡಬಲ್ ಬ್ಲೈಂಡಿಗೆ 'ಯಾವ ಔಷಧ ಬಂತು ಅನ್ನುವುದು ನಿಮಗೂ ಗೊತ್ತಿರುವುದಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ' ಅಂತ. 5 ಎಂಎಲ್ ರಕ್ತ ಅಂದರೆ ಒಂದು ಟೀ ಚಮಚದಷ್ಟು ಅಂತ. ಒಬ್ಬ ಯುವ ಡಾಕ್ಟರು ಮುನಿಸಿಕೊಂಡರು, ಇಷ್ಟು ಹಗುರ ಭಾಷೆ ಆದರೆ ವಿಜ್ಞಾನದ ತೂಕ ಹೋಗುತ್ತದೆ ಅಂತ. ಅವರ ತಾಯಿ ನನ್ನ ಹಳೇ ವಿದ್ಯಾರ್ಥಿನಿ. ಅವಳಿಗೆ ಓದಿ ಹೇಳಿ ಬನ್ನಿ ಅಂದೆ. ಮುಂದಿನ ಸಭೆಗೆ ಚಮಚವೇ ಬಂತು.

ಕಮಿಟಿಯಲ್ಲಿ ಟ್ರಾನ್ಸ್‌ಲೇಷನಲ್ ರಿಸರ್ಚ್ ಎಂಬ ಮಾತು ಪದೇ ಪದೇ ಬರುತ್ತದೆ. ಮೊದಲು ಅದನ್ನು ಅನುವಾದದ ಸಂಶೋಧನೆ ಅಂದುಕೊಂಡು ನನ್ನ ಕ್ಷೇತ್ರವೇ ಅಂತ ಖುಷಿಪಟ್ಟಿದ್ದೆ. ಅದಲ್ಲವಂತೆ. ಲ್ಯಾಬಿನಲ್ಲಿ ಕಂಡದ್ದನ್ನು ರೋಗಿಯ ಹಾಸಿಗೆ ಪಕ್ಕಕ್ಕೆ, ಅಲ್ಲಿಂದ ಊರಿನ ಪಿಎಚ್‌ಸಿ ತನಕ ಮುಟ್ಟಿಸುವ ಕೆಲಸವಂತೆ. ಆಗಲಿ. ಆದರೆ ಆರು ವರ್ಷ ಈ ಫೈಲು ನೋಡಿದ ಮೇಲೆ ನನ್ನ ಮೊದಲ ಅರ್ಥವೂ ಪೂರ್ತಿ ತಪ್ಪಲ್ಲ ಅನ್ನಿಸಿದೆ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಇದು ನಮ್ಮದೇ ಮಣ್ಣಿನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ವೈರಾಣುವನ್ನು ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಜಗತ್ತಿನ ವೈದ್ಯಕೀಯ ಪುಸ್ತಕದಲ್ಲೆಲ್ಲ ನಮ್ಮ ಆ ಪುಟ್ಟ ಊರಿನ ಹೆಸರಿದೆ. ಕಾಡಿನಲ್ಲಿ ಮಂಗ, ಮುಸಿಯ ಸತ್ತು ಬೀಳುತ್ತವೆ. ಅವುಗಳ ಮೈಮೇಲಿನ ಉಣುಗು ನೆಲಕ್ಕೆ ಉದುರಿ ಹರಡುತ್ತದೆ. ಸೊಪ್ಪಿನ ಬೆಟ್ಟಕ್ಕೆ ತರಗು ತರಲು ಹೋದವರಿಗೆ, ದನ ಮೇಯಿಸಲು ಹೋದವರಿಗೆ ಅದು ಕಚ್ಚುತ್ತದೆ. ಡಿಸೆಂಬರಿನಿಂದ ಮೇ ತನಕ ಭಯ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಸಾವಿನ ಮನೆಗೆ ಹೋಗಲೂ ಜನ ಹೆದರುತ್ತಿದ್ದರು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಅಂತ ಹೇಳಿ ಹೇಳಿ ಆಶಾ ಕಾರ್ಯಕರ್ತೆಯರ ಗಂಟಲು ಕಟ್ಟಿತ್ತು.

ಇದಕ್ಕೆ ಒಂದು ಲಸಿಕೆ ಇತ್ತು. 1990ರ ಸುಮಾರಿನಿಂದ ಕೊಡುತ್ತಾ ಬಂದರು. ನಮ್ಮ ಶಾಲೆಯ ಜಗಲಿಯಲ್ಲೇ ಕ್ಯಾಂಪು ಆಗುತ್ತಿತ್ತು. ಚುಚ್ಚಿದರೆ ಉರಿ ಅಂದರೆ ಉರಿ. ಎರಡು ದಿನ ಕೈ ಎತ್ತಲು ಆಗುತ್ತಿರಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಕೆಲವು ತಿಂಗಳಿಗೆ ಬೂಸ್ಟರ್. ನಾನು ಎರಡು ಹಾಕಿಸಿಕೊಂಡೆ. ಬೂಸ್ಟರ್ ದಿನ ಕೊನೆಕೊಯ್ಲಿನ ನೆಪ ಹೇಳಿ ತಪ್ಪಿಸಿಕೊಂಡೆ. ಎರಡು ಆಗಿದೆಯಲ್ಲ, ಸಾಕು ಅಂತ. ಊರಿನ ಮುಕ್ಕಾಲು ಜನ ಹಾಗೇ ಮಾಡಿದ್ದರು.

ಕಮಿಟಿಗೆ ಸೇರಿದ ಮೇಲೆ ಒಬ್ಬ ಪ್ರೊಫೆಸರು 2013ರ ಒಂದು ಸಂಶೋಧನಾ ಲೇಖನ ಓದಿ ಹೇಳಿದರು. 2005ರಿಂದ 2010ರ ತನಕ ಕರ್ನಾಟಕದಲ್ಲಿ ಈ ಲಸಿಕೆ ಎಷ್ಟು ಕೆಲಸ ಮಾಡಿತು ಅನ್ನುವ ಲೆಕ್ಕ. ಎರಡು ಡೋಸ್ ತೆಗೆದುಕೊಂಡವರಿಗೆ ಸುಮಾರು ಶೇ 62ರಷ್ಟು ರಕ್ಷಣೆ. ಬೂಸ್ಟರ್ ಕೂಡ ಆದವರಿಗೆ ಸುಮಾರು ಶೇ 83. ಒಂದೇ ಡೋಸ್ ಆದವರಿಗೆ ಹೇಳಿಕೊಳ್ಳುವಂಥ ರಕ್ಷಣೆ ಇಲ್ಲ. ನನಗೆ ಕೂತಲ್ಲೇ ಮೈ ಬಿಸಿಯಾಯಿತು. ಲೆಕ್ಕ ನಮ್ಮದೇ ಊರುಗಳದ್ದು. ಚುಚ್ಚಿಸಿಕೊಂಡ ಕೈ ನಮ್ಮದೇ. ಆ ಎರಡು ಅಂಕಿ ನಮಗೆ ಯಾರೂ ಕನ್ನಡದಲ್ಲಿ ಹೇಳಲಿಲ್ಲ. ಹೇಳಿದ್ದರೆ ಕೊಯ್ಲು ಒಂದು ದಿನ ತಡ ಮಾಡುತ್ತಿದ್ದೆ, ಅಷ್ಟೆ. 'ಬೂಸ್ಟರ್ ಹಾಕಿಸಿಕೊಳ್ಳಿ, ಹಾಕಿಸಿಕೊಳ್ಳಿ' ಅಂತ ಮೈಕಿನಲ್ಲಿ ಕೂಗುವುದಕ್ಕೂ, ಹಾಕಿಸಿಕೊಂಡರೆ ಇಷ್ಟು ವ್ಯತ್ಯಾಸ ಅಂತ ತೋರಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಆ ಹಳೇ ಲಸಿಕೆ 2022ರಲ್ಲಿ ನಿಂತಿತು. ಈಗ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಲು ಡೇಪಾ ತೈಲ ಕೊಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಅದು ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಿದೆ. ಮೊದಲ ಹಂತದಲ್ಲಿ ಆರೋಗ್ಯವಂತರಾದ ಕೆಲವೇ ಜನರಿಗೆ ಕೊಟ್ಟು ತೊಂದರೆ ಇಲ್ಲವಾ ಅಂತ ನೋಡುತ್ತಾರೆ. ಆಮೇಲಿನ ಹಂತಗಳಲ್ಲಿ ಜನ ಜಾಸ್ತಿ ಬೇಕು. ಕಾಯಿಲೆ ಇರುವಲ್ಲಿಗೆ ಬಂದೇ ನೋಡಬೇಕು. ಅಂದರೆ ಇವತ್ತಲ್ಲ ನಾಳೆ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಯಾವುದೋ ಜಗಲಿಯಲ್ಲಿ ಒಪ್ಪಿಗೆ ಪತ್ರ ಬಿಚ್ಚುತ್ತಾರೆ. ಅದರಲ್ಲಿ ಅಂತಹ 'ತೋಳು' ಇದ್ದರೆ ಗತಿ ಏನು? ಆ ದಿನ ಬರುವ ಮೊದಲೇ ಜನರಿಗೆ ಸುದ್ದಿ ಗೊತ್ತಿರಬೇಕು. ವಾಟ್ಸ್ಆ್ಯಪಿನಲ್ಲಿ 'ನಮ್ಮನ್ನು ಇಲಿ ಮಾಡುತ್ತಿದ್ದಾರೆ' ಅಂತ ಬಂದ ಮೇಲೆ ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಇದು ನಮ್ಮ ಮನೆಯದೇ. ನನ್ನ ಅಣ್ಣ ಸಕ್ಕರೆ ಕಾಯಿಲೆಯ ಒಂದು ಪ್ರಯೋಗಕ್ಕೆ ಸೇರಿದ್ದ. ಆಸ್ಪತ್ರೆಯ ಹೆಸರು ಬೇಡ. ಒಂದೂವರೆ ವರ್ಷ ಹೋಗಿ ಬಂದ. ಪ್ರತಿ ಸಲ ಬಸ್ ಚಾರ್ಜ್ ಕೊಟ್ಟರು, ಮರ್ಯಾದೆಯಿಂದ ನೋಡಿಕೊಂಡರು, ಅದರಲ್ಲಿ ದೂರು ಇಲ್ಲ. ಒಂದು ದಿನ 'ಇನ್ನು ಬರಬೇಕಿಲ್ಲ, ಥ್ಯಾಂಕ್ಸ್' ಅಂದರು. ಮುಗಿಯಿತು. ಅವನು ತಿಂದದ್ದು ಹೊಸ ಮಾತ್ರೆಯಾ, ಹಳೆಯದ್ದಾ? ಹೊಸದು ಒಳ್ಳೆಯದು ಅಂತ ಆಯಿತಾ, ಇಲ್ಲವಾ? ಮೂರು ವರ್ಷ ಆಯಿತು, ಒಂದು ಕಾಗದ ಇಲ್ಲ, ಫೋನ್ ಇಲ್ಲ. ಹಬ್ಬಕ್ಕೆ ಸೇರಿದಾಗಲೆಲ್ಲ 'ನಿನ್ನ ಕಮಿಟಿಯವರನ್ನು ಕೇಳು' ಅನ್ನುತ್ತಾನೆ. ನಮ್ಮ ಕಮಿಟಿಯ ಪ್ರಯೋಗ ಅಲ್ಲ ಅದು ಅಂದರೂ ಕೇಳಬೇಕಲ್ಲ. ಅವನ ಮಾತಿನಲ್ಲಿ ಹುರುಳಿದೆ. ಗದ್ದೆ ನಾಟಿಗೆ ಬಂದವರಿಗೂ ಬೆಳೆ ಹೇಗೆ ಬಂತು ಅಂತ ಹೇಳುತ್ತೇವಪ್ಪ.

ಕೊನೆಗೆ ನಾನೇ ಹುಡುಕಿದೆ. ಸಿಟಿಆರ್‌ಐ ಅಂತ ಒಂದು ಸರ್ಕಾರಿ ನೋಂದಣಿ ಪುಸ್ತಕ ಇದೆ, ಭಾರತದ ಕ್ಲಿನಿಕಲ್ ಟ್ರಯಲ್‌ಗಳದ್ದು. 2007ರಲ್ಲಿ ಶುರುವಾಯಿತು. 2009ರಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯ. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಅಲ್ಲಿ ನಮೂದಿಸಬೇಕು. ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಕಾಸಿಲ್ಲದೆ ನೋಡಬಹುದು. ಯಾವ ಕಾಯಿಲೆಗೆ, ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಯಸ್ಸಿನವರಿಗೆ, ಪ್ರಶ್ನೆ ಇದ್ದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಇರುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಎಲ್ಲ ಇಂಗ್ಲಿಷಿನಲ್ಲಿ. ಮೊಮ್ಮಗಳು ಪಕ್ಕದಲ್ಲಿ ಕೂತು ಹುಡುಕಿ ಕೊಟ್ಟಳು. ಅಣ್ಣನ ಪ್ರಯೋಗದ ಮುಂದೆ 'ಮುಗಿದಿದೆ' ಅಂತಿತ್ತು. ಫಲಿತಾಂಶದ ಜಾಗ ಖಾಲಿ.

ಸೇರಿದವರ ಹಕ್ಕಿನ ಬಗ್ಗೆಯೂ ಜನರಿಗೆ ಗೊತ್ತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಪೂರ್ತಿ ಉಚಿತ. ಪ್ರಯೋಗದಿಂದಲೇ ಆಯಿತು ಅಂತಾದರೆ ಪರಿಹಾರ ಬೇರೆ. ಗಂಭೀರ ಏನಾದರೂ ಆದರೆ ಡಾಕ್ಟರು 24 ಗಂಟೆಯೊಳಗೆ ತಿಳಿಸಬೇಕಾದವರಿಗೆ ತಿಳಿಸಬೇಕು. ಯಾವ ಕ್ಷಣದಲ್ಲೂ ಬಿಟ್ಟು ಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದರ್ಧ ಇರಲಿ, ಇರಬೇಕು ಕೂಡ.

ಇಷ್ಟು ರೋಗಿಗಳ ಮಾತಾಯಿತು. ಓದುವ ಮಕ್ಕಳದ್ದು ಇನ್ನೊಂದು ಕತೆ. ನನ್ನ ಹಳೇ ವಿದ್ಯಾರ್ಥಿಯ ಮಗಳು ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಓದುತ್ತಾಳೆ. ಮನೆಯಲ್ಲಿ ಮೊದಲ ಡಾಕ್ಟರ್. ಐಸಿಎಂಆರ್‌ನವರು 1979ರಿಂದ ಅವಳಂಥ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಪುಟ್ಟ ಸಂಶೋಧನೆ ಮಾಡಲು ಶಿಷ್ಯವೇತನ ಕೊಡುತ್ತಾ ಬಂದಿದ್ದಾರೆ. ಎಸ್‌ಟಿಎಸ್ ಅಂತ. ಅವಳಿಗೆ ಗೊತ್ತಾದದ್ದು ಅರ್ಜಿಯ ದಿನ ಕಳೆದ ಮೇಲೆ. ಬೆಂಗಳೂರಿನ ಕಾಲೇಜಿನ ಗೆಳತಿಯರಿಗೆ ಎರಡು ತಿಂಗಳ ಮೊದಲೇ ಗೊತ್ತಿತ್ತು. ಚೆನ್ನೈನ ಐಸಿಎಂಆರ್ ಸಂಸ್ಥೆ ಸಂಶೋಧನೆಯ ಮೂಲಪಾಠವನ್ನು ಆನ್‌ಲೈನಿನಲ್ಲಿ ಕಲಿಸುತ್ತದೆ. ಎಂಡಿ, ಎಂಎಸ್ ಓದುವವರಿಗೆ ಅಂಥ ಕೋರ್ಸು ಕಡ್ಡಾಯವೇ ಆಗಿದೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್ ಡಾಕ್ಟರುಗಳಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎಂಡಿ ಜೊತೆಗೆ ಪಿಎಚ್‌ಡಿ ಮಾಡಿಸುವ ವೈದ್ಯಕೀಯ ಶಾಲೆಯನ್ನೇ ಕಟ್ಟುತ್ತಿದೆ. ಅದರ ಆಸ್ಪತ್ರೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟರು. ಕೊಟ್ಟ ದಿನ ಎಲ್ಲ ಪತ್ರಿಕೆಯಲ್ಲೂ ಬಂತು. ಆದರೆ ಅರ್ಜಿ ಕರೆದ ದಿನದ ಸುದ್ದಿ ಯಾವ ಕನ್ನಡ ಪತ್ರಿಕೆಯಲ್ಲಿ ಬರುತ್ತದೆ, ಹೇಳಿ? ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಕೊನೆಯ ದಿನ ಯಾವಾಗ ಅಂತ ನೀವು ಮೂರು ಸಲ ಹಾಕುತ್ತೀರಿ. ಇದನ್ನು ಒಂದು ಸಲವಾದರೂ ಹಾಕಬಹುದಲ್ಲ.

ಇಲ್ಲಿ ಸುದ್ದಿಗೆ ಬರ ಇಲ್ಲ. ಭೇದಿ ತಡೆಯಲು ಮಕ್ಕಳಿಗೆ ಹಾಕುವ ರೋಟಾವ್ಯಾಕ್ ಲಸಿಕೆ ಹನಿಯ ಕತೆ ಎಷ್ಟು ಜನರಿಗೆ ಗೊತ್ತು? ವೈರಾಣುವಿನ ಎರಡು ತಳಿಗಳು ಪೈಪೋಟಿಯಲ್ಲಿದ್ದವು. ಒಂದು ದೆಹಲಿಯ ಏಮ್ಸ್‌ನಲ್ಲಿ ಸಿಕ್ಕಿದ್ದು, ಇನ್ನೊಂದು ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕಿದ್ದು. ನಮ್ಮದು ಸೋತಿತು, ದೆಹಲಿಯದು ಗೆದ್ದಿತು. ದೆಹಲಿ, ಪುಣೆ, ವೆಲ್ಲೂರಿನ 6,799 ಮಕ್ಕಳ ಮೇಲೆ ಪ್ರಯೋಗವಾಗಿ 2016ರಲ್ಲಿ ಸರ್ಕಾರದ ಲಸಿಕೆ ಪಟ್ಟಿಗೆ ಬಂತು. ಸೋತದ್ದೂ ಸುದ್ದಿಯೇ. 2024ರ ಆಗಸ್ಟಿನಲ್ಲಿ ಐಸಿಎಂಆರ್ ಮೊದಲ ಹಂತದ ಪ್ರಯೋಗಕ್ಕೆ ಒಂದು ಜಾಲ ಕಟ್ಟಿರುವುದನ್ನು ಹೇಳಿತು. ಮುಂಬೈ, ನವಿ ಮುಂಬೈ, ಚೆನ್ನೈ, ಚಂಡೀಗಢದ ನಾಲ್ಕು ಆಸ್ಪತ್ರೆಗಳು. ಅದರಲ್ಲಿ ಪರೀಕ್ಷೆಗೆ ಹೊರಟ ಫ್ಲೂ ಲಸಿಕೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಕಂಪನಿ ಮಿನ್‌ವ್ಯಾಕ್ಸ್‌ನದ್ದು. ರಕ್ತದ ಕ್ಯಾನ್ಸರಿನ ಒಂದು ಔಷಧ ಬೆಂಗಳೂರಿನದೇ ಕಂಪನಿ ಆರಿಜೀನ್‌ನದ್ದು. ಮದ್ದು ನಮ್ಮದು, ಪ್ರಯೋಗದ ನಾಲ್ಕು ಆಸ್ಪತ್ರೆಗಳಲ್ಲಿ ಒಂದೂ ಕರ್ನಾಟಕದ್ದಲ್ಲ. ಯಾಕೆ ಅಂತ ಕೇಳುವವರು ಬೇಡವಾ? ಕೇಳಬೇಕಾದರೆ ಮೊದಲು ಗೊತ್ತಿರಬೇಕು.

ಕೋಲಾರದ ಕಡೆ ನೋಡಿ. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಯುತ್ತಿದೆ. ವಯಸ್ಸಾದಂತೆ ಮರೆವು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾಕೆ ಅಂತ. ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದ ಕೆಲಸ. ನನ್ನ ವಯಸ್ಸಿನವರಿಗೆ ಇದಕ್ಕಿಂತ ಹತ್ತಿರದ ಸುದ್ದಿ ಇಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವಾಗಲೆಲ್ಲ ನೆನಪಾಗುತ್ತದೆ.

ಈಗ ನನ್ನ ಬೇಡಿಕೆ. ವಾರಕ್ಕೊಂದು ದಿನ, ಗುರುವಾರ ಆದರೆ ಒಳ್ಳೆಯದು, ಧಾರಣೆಯ ಪಕ್ಕದಲ್ಲಿ ನಾಲ್ಕು ಸಾಲು ಹಾಕಿ. ನಮ್ಮ ಜಿಲ್ಲೆ, ಅಕ್ಕಪಕ್ಕದ ಜಿಲ್ಲೆಗಳಲ್ಲಿ ಯಾವ ಕಾಯಿಲೆಗೆ ಪ್ರಯೋಗಕ್ಕೆ ಜನ ಸೇರಿಸಿಕೊಳ್ಳುತ್ತಿದ್ದಾರೆ. ಯಾವುದು ಮುಗಿಯಿತು, ಏನು ಗೊತ್ತಾಯಿತು. ಯಾವ ಶಿಷ್ಯವೇತನಕ್ಕೆ ಎಂದು ಕೊನೆಯ ದಿನ. ಹೊಗಳಿಕೆ ಬೇಡ, 'ಕ್ಯಾನ್ಸರಿಗೆ ರಾಮಬಾಣ' ಅನ್ನುವ ತಲೆಬರಹ ಅಂತೂ ಬೇಡವೇ ಬೇಡ. ಇಲಿಯ ಮೇಲೆ ಕೆಲಸ ಮಾಡಿದ್ದನ್ನು ಮನುಷ್ಯರ ಮೇಲೆ ಮಾಡಿದ ಹಾಗೆ ಬರೆದು ನಮ್ಮ ಪಕ್ಕದ ಮನೆಯವರನ್ನು ಬೆಂಗಳೂರಿಗೆ ಓಡಿಸಿದ ಸುದ್ದಿ ಒಮ್ಮೆ ಒಂದು ಪತ್ರಿಕೆಯಲ್ಲಿ ಬಂದಿತ್ತು. ಧಾರಣೆಯ ಹಾಗೆ ಒಣ ಅಂಕಿ, ಊರಿನ ಹೆಸರು, ತಾರೀಖು, ಸಾಕು.

ಮಾಹಿತಿ ಎಲ್ಲಿಂದ ತರುವುದು ಅಂತ ನಿಮ್ಮ ಉಪಸಂಪಾದಕರು ಕೇಳಬಹುದು. ಸಿಟಿಆರ್‌ಐ ತೆರೆದೇ ಇದೆ. ಜಿಲ್ಲೆಯ ಹೆಸರು ಹಾಕಿ ಹುಡುಕಲು ಒಂದು ಗಂಟೆ ಸಾಕು, ನಾವು ಮಾಡಿ ನೋಡಿದ್ದೇವೆ. ಡಾಕ್ಟರುಗಳಿಗೂ ಒಂದು ಮಾತು ಇದೇ ಪತ್ರದಲ್ಲಿ ಹೇಳಿಬಿಡುತ್ತೇನೆ: ನಿಮ್ಮ ಅಧ್ಯಯನ ಮುಗಿದ ದಿನ ಒಂದು ಪುಟದ ಕನ್ನಡ ಕಾಗದ ಬರೆದು ಸೇರಿದವರ ಮನೆಗೆ ಕಳಿಸಿ. ನಮ್ಮ ಕಮಿಟಿಯಲ್ಲಿ ಇದನ್ನು ಕೇಳಲು ಶುರು ಮಾಡಿದ್ದೇನೆ. ಎರಡು ಅಧ್ಯಯನದವರು ಒಪ್ಪಿದ್ದಾರೆ. ಒಬ್ಬರು ಅಂಚೆ ಖರ್ಚು ಯಾರದು ಅಂತ ಕೇಳಿದರು.

ಅನುವಾದಕ್ಕೆ ಜನ ಇಲ್ಲ ಅಂತಾದರೆ ನಾನಿದ್ದೇನೆ. ದುಡ್ಡು ಬೇಡ. ಪದ ಕಷ್ಟವಾದರೆ ಮೊಮ್ಮಗಳಿಗೆ ಓದಿ ಹೇಳಿ, ಅವಳಿಗೆ ಅರ್ಥವಾಗುವ ತನಕ ತಿದ್ದುತ್ತೇನೆ. ಮೊದಲ ಕಂತು ಈ ಪತ್ರದ ಜೊತೆಗೇ ಇಟ್ಟಿದ್ದೇನೆ, 14 ಸಾಲು. ಜಾಸ್ತಿ ಆಯಿತು ಅನ್ನಿಸಿದರೆ ಕತ್ತರಿಸಿ. ಆದರೆ ತಾರೀಖು ಮಾತ್ರ ಬಿಡಬೇಡಿ. ಆ ಎಂಬಿಬಿಎಸ್ ಹುಡುಗಿ ಈ ಸಲ ಪತ್ರಿಕೆ ನೋಡಿಕೊಂಡೇ ಅರ್ಜಿ ಹಾಕುತ್ತೇನೆ ಅಂದಿದ್ದಾಳೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ